ರೋಗಾಣುವೇ ಇಲ್ಲದ ಗಾಯ ಊದಿಕೊಳ್ಳುವುದೇಕೆ?

ಬೆಲ್ಲದ ಪಾಕ ಕೈಮೇಲೆ ಸಿಡಿಯುವುದಕ್ಕೂ ಕುದಿನೀರು ಸಿಡಿಯುವುದಕ್ಕೂ ವ್ಯತ್ಯಾಸವಿದೆ. ನೀರು ಜಾರಿಹೋಗುತ್ತದೆ. ಪಾಕ ಅಂಟಿಕೊಂಡು ಕೂತಲ್ಲೇ ಕೂತು ಸುಡುತ್ತದೆ; ಕೀಳಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ. ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪನ ಆಲೆಮನೆಯಿದೆ. ಹದಕ್ಕೆ ಬಂದ ಪಾಕವನ್ನು ಕೊಪ್ಪರಿಗೆಯಿಂದ ತೊಟ್ಟಿಗೆ ಸುರಿಯುವಾಗ ಒಂದು ದಿನ ಒಂದು ಹನಿ ಅವರ ಮುಂಗೈಗೆ ಹಾರಿತು. ಹಳೆಯ ನಾಲ್ಕಾಣೆ ನಾಣ್ಯದಷ್ಟು ಜಾಗ, ಅಷ್ಟೇ. ಅನುಭವಸ್ಥರಾದ್ದರಿಂದ ಇಂಕು, ಟೂತ್‌ಪೇಸ್ಟ್ ಎಂದು ಹುಡುಕದೆ ಪಂಪಿನ ನೀರಿಗೆ ಕೈ ಒಡ್ಡಿ ಇಪ್ಪತ್ತು ನಿಮಿಷ ನಿಂತರು. ಆದರೂ ಸಂಜೆಯ ಹೊತ್ತಿಗೆ ನಡುವೆ ಬೊಬ್ಬೆ, ಅದರ ಸುತ್ತ ಕೆಂಪು ಉಂಗುರ, ಮಣಿಕಟ್ಟಿನವರೆಗೂ ಬಿಗಿದ ಊತ.

ಮಾರನೆಯ ದಿನ ವೈದ್ಯರು ಮುಲಾಮು ಹಚ್ಚಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಆ್ಯಂಟಿಬಯಾಟಿಕ್ ಸದ್ಯಕ್ಕೆ ಬೇಡ ಎಂದು ಕಳುಹಿಸಿದರು. ಚಿಕ್ಕಪ್ಪನಿಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವರೇ ನನ್ನ ಮುಂದೆ ಕೈ ಚಾಚಿದರು. "ಇಷ್ಟು ಕೆಂಪಗೆ ಊದಿಕೊಂಡಿದೆಯಲ್ಲಪ್ಪ, ನಂಜಿಲ್ಲ ಎಂದರೆ ಹೇಗೆ? ನೀನು ಓದಿದವನು, ಹೇಳು."

ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಪಾಕ ಹದಕ್ಕೆ ಬರುವುದು 115 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಗಂಟೆಗಟ್ಟಲೆ ಕುದ್ದ ಆ ಹನಿಯಲ್ಲಿ ರೋಗಾಣು ಬದುಕಿರುವ ಮಾತಿಲ್ಲ; ಅದು ಬಿದ್ದ ಜಾಗದಲ್ಲಿದ್ದ ಬ್ಯಾಕ್ಟೀರಿಯಾಗಳೂ ಬೆಂದುಹೋಗಿರುತ್ತವೆ. ಹಾಗಿದ್ದರೆ ಅಷ್ಟೊಂದು ರಕ್ತ, ಅಷ್ಟೊಂದು ಬಿಳಿರಕ್ತಕಣಗಳು ಆ ಮುಂಗೈಗೆ ಏಕೆ ಧಾವಿಸಿದವು? ವೈರಿಯೇ ಇಲ್ಲದ ಕಡೆಗೆ ಪಡೆಯನ್ನು ಕರೆದವರು ಯಾರು?

ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಪದ: ನಂಜು. ಮುಳ್ಳು ಚುಚ್ಚಿ ಕೀವಾದರೆ ನಂಜು, ಬದನೆಕಾಯಿ ತಿಂದು ಹಳೆಯ ಗಾಯ ಕೆರೆದರೆ ಅದೂ ನಂಜು. ಮೂಲದಲ್ಲಿ ನಂಜು ಎಂದರೆ ವಿಷ. ವಿಷವುಂಡವನು ನಂಜುಂಡ, ಅವನ ಊರು ನಂಜನಗೂಡು. ಕೆಡುಕು ಹೊರಗಿನಿಂದ ಬಂದು ಹೊಕ್ಕಿದೆ ಎಂಬ ಊಹೆ ಈ ಪದದೊಳಗೇ ಅಡಗಿ ಕೂತಿದೆ. ಪುಸ್ತಕದ ಪದವಾದ 'ಉರಿಯೂತ' ಮಾತ್ರ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಉರಿ ಇದೆ, ಊತ ಇದೆ, ಅಷ್ಟೇ ಹೇಳಿ ಸುಮ್ಮನಾಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣ ಪಟ್ಟಿಮಾಡಿದ್ದ: ಕೆಂಪು, ಊತ, ಬಿಸಿ, ನೋವು. ಚಿಕ್ಕಪ್ಪನ ಕೈಯಲ್ಲಿ ನಾಲ್ಕೂ ಇದ್ದವು. ಆ ಪಟ್ಟಿಯಲ್ಲೂ ರೋಗಾಣುವಿನ ಹೆಸರಿಲ್ಲ.

ವಿಜ್ಞಾನವೂ ಬಹುಕಾಲ ಚಿಕ್ಕಪ್ಪನಂತೆಯೇ ಯೋಚಿಸಿತು. ದೇಹದ ರಕ್ಷಣಾ ವ್ಯವಸ್ಥೆಯ ಕೆಲಸ 'ನಮ್ಮದು' ಮತ್ತು 'ಪರರದು' ಎಂದು ಬೇರ್ಪಡಿಸುವುದು. ಪರರದನ್ನು ಕಂಡರೆ ಮೇಲೆ ಬೀಳುವುದು. 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ ಇದಕ್ಕೆ ಒಂದು ಖಚಿತ ರೂಪ ಕೊಟ್ಟರು. ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ನಮ್ಮ ದೇಹದಲ್ಲಿ ಎಲ್ಲೂ ಇಲ್ಲದ ಕೆಲವು ಅಣುಗಳಿವೆ, ಅವನ್ನು ಗುರುತಿಸುವ ಗ್ರಾಹಕಗಳು ನಮ್ಮ ಜೀವಕೋಶಗಳ ಮೇಲೆ ಹುಟ್ಟಿನಿಂದಲೇ ಇರಬೇಕು ಎಂಬುದು ಅವರ ಊಹೆ. ಊಹೆ ನಿಜವಾಯಿತು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಹಣ್ಣುನೊಣದಲ್ಲಿ 'ಟೋಲ್' ಎಂಬ ಗ್ರಾಹಕದ ರಕ್ಷಣಾ ಪಾತ್ರವನ್ನು ತೋರಿಸಿದರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಅದರ ನೆಂಟನನ್ನು ಕಂಡರು. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಜೇನ್‌ವೇ ಅಷ್ಟರಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಆದರೆ ಸುಟ್ಟ ಕೈ, ಉಳುಕಿದ ಪಾದ, ಹೃದಯಾಘಾತವಾದ ಎದೆ? ಅಲ್ಲೆಲ್ಲ ಪರರು ಯಾರೂ ಇಲ್ಲ, ಉರಿಯೂತ ಮಾತ್ರ ಇದೆ. 1994ರಲ್ಲಿ ಪಾಲಿ ಮಾಟ್ಸಿಂಗರ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ರಕ್ಷಣಾ ವ್ಯವಸ್ಥೆ 'ನೀನು ಯಾರು?' ಎಂದು ಕೇಳುವುದೇ ಇಲ್ಲ, 'ಇಲ್ಲಿ ಏನಾದರೂ ಅನಾಹುತವಾಗಿದೆಯೇ?' ಎಂದು ಕೇಳುತ್ತದೆ ಎಂದರು. ಈಕೆ ವಿಜ್ಞಾನಕ್ಕೆ ಬರುವ ಮುಂಚೆ ಬಾರಿನಲ್ಲಿ ಪರಿಚಾರಕಿಯಾಗಿದ್ದವರು. 1978ರ ಒಂದು ಪ್ರಬಂಧಕ್ಕೆ ತಮ್ಮ ಸಾಕುನಾಯಿಯನ್ನು ಸಹಲೇಖಕಿ ಎಂದು ಸೇರಿಸಿ ಸಂಪಾದಕರ ಸಿಟ್ಟಿಗೆ ಗುರಿಯಾದವರು. ನಾಯಿ ಸಾಕಿದವರಿಗೆ ಈ ವಾದ ಬೇಗ ಹಿಡಿಸುತ್ತದೆ ಎಂದು ನನಗೆ ಅನಿಸುತ್ತದೆ. ಒಳ್ಳೆಯ ನಾಯಿ ಅಪರಿಚಿತರನ್ನು ಕಂಡಾಗಲೆಲ್ಲ ಬೊಗಳುವುದಿಲ್ಲ, ಏನೋ ಸರಿಯಿಲ್ಲ ಎಂದಾಗ ಬೊಗಳುತ್ತದೆ.

ಅನಾಹುತವಾಗಿದೆ ಎಂದು ಗೊತ್ತಾಗುವುದು ಹೇಗೆ? ಮಳೆಗಾಲದ ಒಂದು ಬೆಳಿಗ್ಗೆ ನೀವು ಊರ ಬೀದಿಯಲ್ಲಿ ನಡೆದುಹೋಗುತ್ತಿದ್ದೀರಿ ಎನ್ನಿ. ಒಂದು ಮನೆಯ ಮುಂದೆ ರಾಗಿ ಚೆಲ್ಲಿದೆ, ಮುದ್ದೆ ತಿರುವುವ ಕೋಲು ಚರಂಡಿಯಲ್ಲಿದೆ, ದೇವರ ಪಟ ಕೆಸರಿನಲ್ಲಿ ಬಿದ್ದಿದೆ. ಯಾರೂ ಕೂಗಿ ಹೇಳಬೇಕಿಲ್ಲ, ಗೋಡೆ ಕುಸಿದಿದೆ ಎಂದು ನಿಮಗೆ ಗೊತ್ತಾಗುತ್ತದೆ. ರಾಗಿಯಲ್ಲಿ ಅಪಾಯವಿಲ್ಲ, ಕೋಲಿನಲ್ಲೂ ಇಲ್ಲ. ಅಡುಗೆಮನೆಯಲ್ಲಿರಬೇಕಾದ ವಸ್ತು ಬೀದಿಯಲ್ಲಿರುವುದೇ ಸುದ್ದಿ.

ಜೀವಕೋಶದ ಕಥೆಯೂ ಇದೇ. ಅದರ ಗೋಡೆ ಎಂದರೆ ಕೋಶಪೊರೆ. ಪಾಕದ ಬಿಸಿಗೆ ಪೊರೆ ಹರಿದಾಗ ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ, ಒಳಗಿದ್ದಾಗ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದ ಅಣುಗಳಿಗೆ ವಿಜ್ಞಾನಿಗಳು ಇಟ್ಟಿರುವ ಚುಟುಕು ಹೆಸರು 'ಡ್ಯಾಂಪ್'. ಹಾನಿಯ ಗುರುತಾಗಿ ನಿಲ್ಲುವ ಅಣುಗಳು ಎಂದು ಅರ್ಥ. ಮಂಡ್ಯದವರ ಕಿವಿಗೆ ಇದು ಡ್ಯಾಂ ಎಂದೇ ಕೇಳಿಸಿದರೆ ತಪ್ಪಿಲ್ಲ, ಏಕೆಂದರೆ ಮೊದಲ ಉದಾಹರಣೆಗೆ ಕನ್ನಂಬಾಡಿ ಕಟ್ಟೆಯೇ ಬೇಕು.

ಎಟಿಪಿ ಎಂಬುದು ಜೀವಕೋಶದ ಇಂಧನ. ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಮತ್ತೆ ಮತ್ತೆ ತಯಾರಿಸಿ ಖರ್ಚು ಮಾಡುವ ಎಟಿಪಿಯನ್ನು ಒಟ್ಟುಗೂಡಿಸಿದರೆ ಸರಿಸುಮಾರು ಅವನ ದೇಹದ ತೂಕದಷ್ಟಾಗುತ್ತದೆ. ಇದೆಲ್ಲ ಕೋಶದ ಒಳಗೆ. ಪೊರೆಯ ಹೊರಗೆ ಎಟಿಪಿ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ಸಾಂದ್ರತೆ ಹೊರಗಿನದಕ್ಕಿಂತ ಲಕ್ಷಗಟ್ಟಲೆ ಪಟ್ಟು ಹೆಚ್ಚು. ಅಂದರೆ ಒಂದು ಸಣ್ಣ ಬಿರುಕು ಬಿಟ್ಟರೂ ಹೊರಗೆ ಪ್ರವಾಹ. ಕಟ್ಟೆಯಲ್ಲಿ 124.80 ಅಡಿ ನೀರು ನಿಂತರೆ ನಮಗೆ ಹಬ್ಬ, ಬಾಗಿನದ ಸಂಭ್ರಮ. ಅದೇ ನೀರು ನಾಲೆಯ ಏರಿ ಒಡೆದು ನಾಟಿ ಮಾಡಿದ ಗದ್ದೆಗೆ ನುಗ್ಗಿದರೆ ರಾತ್ರೋರಾತ್ರಿ ಗುದ್ದಲಿ ಹಿಡಿದು ಓಡಬೇಕು. ನೀರು ಅದೇ, ನಿಂತ ಜಾಗ ಬೇರೆ. ಬಿಳಿರಕ್ತಕಣಗಳ ಮೇಲೆ ಹೊರಗಿನ ಎಟಿಪಿಯನ್ನೇ ಕಾಯುತ್ತಾ ಕೂತ ಗ್ರಾಹಕಗಳಿವೆ. ಅವು ಗುದ್ದಲಿ ಹಿಡಿದು ಓಡುವ ಜನ.

ಇನ್ನೊಂದು ಅಣು ಕೋಶಕೇಂದ್ರದ್ದು, ಹೆಸರು ಎಚ್‌ಎಂಜಿಬಿ-1. ಡಿಎನ್‌ಎ ಎಳೆಯನ್ನು ಬೇಕಾದ ಕಡೆ ಬಾಗಿಸಿ ಹಿಡಿಯುವುದು ಅದರ ದಿನನಿತ್ಯದ ಕೆಲಸ. ಇಟಲಿಯ ಮಾರ್ಕೊ ಬಿಯಾಂಕಿ ಮತ್ತು ಸಂಗಡಿಗರು 2002ರಲ್ಲಿ ಇದರ ಬಗ್ಗೆ ಒಂದು ಸೊಗಸಾದ ಸಂಗತಿ ತೋರಿಸಿದರು. ಒಡೆದು ಸತ್ತ ಜೀವಕೋಶದಿಂದ ಈ ಪ್ರೋಟೀನ್ ಹೊರಗೆ ಸೋರಿ ಉರಿಯೂತವನ್ನು ಎಬ್ಬಿಸುತ್ತದೆ. ಆದರೆ ಕ್ರಮಬದ್ಧವಾಗಿ ತಾನಾಗಿಯೇ ಸಾಯುವ ಜೀವಕೋಶದಲ್ಲಿ ಅದು ಡಿಎನ್‌ಎಗೆ ಬಿಗಿಯಾಗಿ ಅಂಟಿಕೊಂಡುಬಿಡುತ್ತದೆ, ಹೊರಗೆ ಬರುವುದೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮೈಯಲ್ಲಿ ಜೀವಕೋಶಗಳು ಸಾಯದ ಕ್ಷಣವೇ ಇಲ್ಲ. ಕೆಂಪುರಕ್ತಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷ ತೀರಿಹೋಗುತ್ತವೆ. ಸಾವೆಲ್ಲ ಸುದ್ದಿಯಾಗುವುದಿದ್ದರೆ ನಾವು ಹುಟ್ಟಿದಂದಿನಿಂದ ಊದಿಕೊಂಡೇ ಇರಬೇಕಿತ್ತು. ಹಾಗಾಗದಿರಲು ಕಾರಣ ಆ ಕ್ರಮಬದ್ಧ ಸಾವು. 1972ರಲ್ಲಿ ಕೆರ್, ವೈಲಿ ಮತ್ತು ಕ್ಯೂರಿ ಎಂಬ ಮೂವರು ಅದಕ್ಕೆ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಎಲೆ ಉದುರುವುದು ಎಂದರ್ಥ. ಮನೆ ಖಾಲಿ ಮಾಡುವ ಮರ್ಯಾದಸ್ಥ ಬಾಡಿಗೆದಾರರಂತೆ ಆ ಜೀವಕೋಶ ತನ್ನ ಡಿಎನ್‌ಎಯನ್ನು ತುಂಡರಿಸಿ, ಸಾಮಾನನ್ನೆಲ್ಲ ಸಣ್ಣ ಸಣ್ಣ ಗಂಟು ಕಟ್ಟಿ, ಪೊರೆಯ ಹೊರಮೈಗೆ 'ನನ್ನನ್ನು ತಿನ್ನಬಹುದು' ಎಂಬ ರಾಸಾಯನಿಕ ಚೀಟಿ ಅಂಟಿಸುತ್ತದೆ. ಮ್ಯಾಕ್ರೊಫೇಜ್ ಎಂಬ ಕಣಗಳು ಬಂದು ಗಂಟುಗಳನ್ನು ನುಂಗಿ ಹೋಗುತ್ತವೆ. ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಪಾಕ ಬಿದ್ದ ಮುಂಗೈಯ ಜೀವಕೋಶಗಳಿಗೆ ಗಂಟು ಕಟ್ಟುವಷ್ಟು ವ್ಯವಧಾನ ಸಿಗಲಿಲ್ಲ, ಅಷ್ಟೇ.

ಚೆಲ್ಲಿದ ಸಾಮಾನಿನಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವುದು ಮೈಟೊಕಾಂಡ್ರಿಯ. ಎಟಿಪಿ ತಯಾರಾಗುವ ಈ ಪುಟ್ಟ ಗಾಣಗಳು ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಇನ್ನೊಂದು ಕೋಶದೊಳಗೆ ಹೊಕ್ಕು ಮನೆಯವರೇ ಆಗಿಬಿಟ್ಟವು. ಆದರೆ ಹಳೆಯ ಉಚ್ಚಾರ ಹೋಗಿಲ್ಲ. ಅವುಗಳ ಡಿಎನ್‌ಎ ಇವತ್ತಿಗೂ ಬ್ಯಾಕ್ಟೀರಿಯಾದಂತೆ ಉಂಗುರಾಕಾರ. ಅವು ತಯಾರಿಸುವ ಪ್ರೋಟೀನುಗಳ ತಲೆಯ ಮೇಲೆ ಬ್ಯಾಕ್ಟೀರಿಯಾದ ಪ್ರೋಟೀನುಗಳಿಗಿರುವ 'ಫಾರ್ಮೈಲ್' ಗುರುತೇ ಇದೆ. ಕೋಶ ಒಡೆದು ಇವು ಹೊರಗೆ ಬಿದ್ದರೆ, ಬ್ಯಾಕ್ಟೀರಿಯಾಗಳಿಗಾಗಿ ಕಾಯುತ್ತಿದ್ದ ಗ್ರಾಹಕಗಳು ಇವನ್ನೇ ವೈರಿ ಎಂದು ತಿಳಿದು ಎದ್ದು ನಿಲ್ಲುತ್ತವೆ. ಚಿಕ್ಕಪ್ಪನ ವಾದಕ್ಕೆ ಇದರಿಂದ ತುಸು ಬಲ ಬಂತು ಎನ್ನಬೇಕು. ನಂಜು ಇತ್ತು, ಆದರೆ ಅದು ಮನೆಯೊಳಗೇ ಸಾಕಿಕೊಂಡಿದ್ದ ನಂಜು.

ಇದನ್ನೆಲ್ಲ ಕಣ್ಣಾರೆ ನೋಡಿದವರಿದ್ದಾರೆ. 2010ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಯ ಯಕೃತ್ತಿನ ಮೇಲೆ ಸೂಜಿಮೊನೆಯಷ್ಟು ಜಾಗವನ್ನು ಸುಟ್ಟು, ಸೂಕ್ಷ್ಮದರ್ಶಕದಲ್ಲಿ ಕಾದು ಕುಳಿತರು. ರೋಗಾಣುವಿನ ಸೋಂಕಿಲ್ಲದ, ಚಿಕ್ಕಪ್ಪನ ಕೈಯಂಥದೇ ಗಾಯ. ಸತ್ತ ಕೋಶಗಳಿಂದ ಎಟಿಪಿ ಹೊರಬಿದ್ದದ್ದೇ ತಡ, ಅಕ್ಕಪಕ್ಕದ ರಕ್ತನಾಳಗಳ ಒಳಗೋಡೆ ಅಂಟಂಟಾಯಿತು. ರಕ್ತದಲ್ಲಿ ತೇಲಿಹೋಗುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಅಲ್ಲಿ ಹಿಡಿದು ನಿಂತು, ಗಾಯದ ದಿಕ್ಕಿಗೆ ತೆವಳತೊಡಗಿದವು. ಗಾಯದ ಅಂಚಿನವರೆಗೂ ಅವನ್ನು ಕರೆತಂದದ್ದು ಸುತ್ತಲಿನ ಜೀವಂತ ಕೋಶಗಳು ಹರಡಿದ್ದ ರಾಸಾಯನಿಕಗಳ ಜಾಡು. ಅಲ್ಲಿಂದ ಮುಂದೆ, ಸತ್ತ ಜಾಗದೊಳಕ್ಕೆ, ಅವು ಹಿಡಿದದ್ದು ಮೈಟೊಕಾಂಡ್ರಿಯದ ಆ ಫಾರ್ಮೈಲ್ ಗುರುತಿನ ವಾಸನೆಯನ್ನು. ಅಂದರೆ ದೊಡ್ಡ ರಸ್ತೆಗೆ ಒಂದು ಕೈಮರ, ಮನೆಯ ಬಾಗಿಲಿಗೆ ಇನ್ನೊಂದು.

ಬಂದ ಕಣಗಳು ಸುಮ್ಮನೆ ನಿಲ್ಲುವುದಿಲ್ಲ, ಇನ್ನಷ್ಟು ಜನರನ್ನು ಕರೆಯುತ್ತವೆ. ಅವು ಮೊಳಗಿಸುವ ತಮಟೆಗಳಲ್ಲಿ ಬಲು ಜೋರಿನದು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನ್. ರಕ್ತನಾಳ ಹಿಗ್ಗಿಸುವುದು, ಜ್ವರ ಏರಿಸುವುದು, ಮೈಕೈ ನೋವು ತರಿಸುವುದು ಎಲ್ಲದರಲ್ಲೂ ಅದರ ಕೈಯಿದೆ. ಇಷ್ಟು ಜೋರಿನದನ್ನು ಒಂದೇ ಮಾತಿಗೆ ಹೊರಗೆ ಬಿಡುವುದು ಅಪಾಯ, ಹಾಗಾಗಿ ದೇಹ ಅದಕ್ಕೆ ಎರಡು ಹಂತದ ಕಾವಲು ಇಟ್ಟಿದೆ. ಮೇಲುಕೋಟೆಯ ವೈರಮುಡಿ ಮಂಡ್ಯದ ಜಿಲ್ಲಾ ಖಜಾನೆಯಿಂದ ಹೊರಡುವುದನ್ನು ನೆನೆಯಿರಿ. ಜಾತ್ರೆ ಬಂತು ಎಂದ ಮಾತ್ರಕ್ಕೆ ಯಾರೋ ಒಬ್ಬರು ಹೋಗಿ ತರಲಾಗದು. ಅಧಿಕಾರಿಗಳು, ಕಾಗದಪತ್ರ, ಪೊಲೀಸ್ ಕಾವಲು ಎಲ್ಲ ಕೂಡಿಬರಬೇಕು. ಇಲ್ಲೂ ಮೊದಲ ಸಂಕೇತಕ್ಕೆ ಕೋಶ ಆ ಪ್ರೋಟೀನನ್ನು ತಯಾರಿಸುತ್ತದೆ, ಆದರೆ ಬೀಗ ಹಾಕಿದ ಸ್ಥಿತಿಯಲ್ಲಿ. ಎಟಿಪಿಯಂಥ ಎರಡನೆಯ ಸಂಕೇತ ಸಿಕ್ಕಾಗ ಕೋಶದೊಳಗೆ ಹಲವು ಪ್ರೋಟೀನುಗಳು ಜೋಡಣೆಗೊಂಡು ಒಂದು ಯಂತ್ರವಾಗುತ್ತವೆ. ಅದರ ಕತ್ತರಿ ಬೀಗವನ್ನು ತುಂಡರಿಸುತ್ತದೆ. ಆ ಯಂತ್ರವನ್ನು 2002ರಲ್ಲಿ ಗುರುತಿಸಿ 'ಇನ್‌ಫ್ಲಮಸೋಮ್' ಎಂದು ಕರೆದವರು ಸ್ವಿಟ್ಜರ್ಲೆಂಡಿನ ಯೂರ್ಗ್ ಚಾಪ್ ಮತ್ತು ಸಂಗಡಿಗರು.

ಈ ಯಂತ್ರದ ಅತಿರೇಕ ನೋಡಬೇಕಾದರೆ ಆಲೆಮನೆ ಬಿಟ್ಟು ಬಾಡೂಟಕ್ಕೆ ಬರಬೇಕು. ನಮ್ಮ ದೊಡ್ಡಪ್ಪ ಒಮ್ಮೆ ಬೀಗರ ಊಟ ಮುಗಿಸಿ ಬಂದ ಮಾರನೆಯ ರಾತ್ರಿ ಎರಡು ಗಂಟೆಗೆ ಚೀರಿಕೊಂಡು ಎದ್ದರು. ಕಾಲಿನ ಹೆಬ್ಬೆರಳ ಬುಡ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹೊದಿಕೆಯ ಅಂಚು ತಾಗಿದರೂ ಸಹಿಸಲಾರರು. ಏನೂ ಚುಚ್ಚಿಲ್ಲ, ಎಲ್ಲೂ ಎಡವಿಲ್ಲ. ಅದು ಗೌಟ್. ಮಾಂಸದಲ್ಲಿ, ನಮ್ಮದೇ ಸತ್ತ ಕೋಶಗಳ ಡಿಎನ್‌ಎಯಲ್ಲಿ ಇರುವ ಪ್ಯೂರಿನ್‌ಗಳು ಒಡೆದು ಯೂರಿಕ್ ಆಮ್ಲವಾಗುತ್ತವೆ. ಹೆಚ್ಚಿನ ಸಸ್ತನಿಗಳಲ್ಲಿ ಇದನ್ನು ಮುಂದಕ್ಕೆ ಒಡೆಯುವ ಕಿಣ್ವವಿದೆ. ಮನುಷ್ಯ ಮತ್ತು ವಾನರರ ವಂಶ ಅದನ್ನು ಕಳೆದುಕೊಂಡಿದೆ. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ನಿಲ್ಲಲಾರದೆ, ಮೈಯಲ್ಲಿ ತಣ್ಣಗಿರುವ ಹೆಬ್ಬೆರಳಿನಂಥ ಕಡೆ ಸೂಜಿಯಂಥ ಹರಳಾಗಿ ಕೂರಬಹುದು.

ಸಾಯುವ ಕೋಶಗಳಿಂದ ಹೊರಬೀಳುವ ಯೂರಿಕ್ ಆಮ್ಲವೇ ಒಂದು ಅಪಾಯದ ಸಂಕೇತ ಎಂದು 2003ರಲ್ಲಿ ಅಮೆರಿಕದ ಕೆನೆತ್ ರಾಕ್ ಅವರ ತಂಡ ತೋರಿಸಿತ್ತು. ಅದರ ಹರಳುಗಳು ಇನ್‌ಫ್ಲಮಸೋಮನ್ನು ಎಬ್ಬಿಸುತ್ತವೆ ಎಂದು 2006ರಲ್ಲಿ ಚಾಪ್ ಅವರ ತಂಡ ಕಂಡುಕೊಂಡಿತು. ಗೋಡೆ ಕುಸಿದಿಲ್ಲ, ಆದರೂ ಬೀದಿಯಲ್ಲಿ ರಾಶಿ ರಾಗಿ ಬಿದ್ದಿದೆ. ನೋಡಿದವರು ಓಡಿಬರದೆ ಏನು ಮಾಡುತ್ತಾರೆ? ನಮ್ಮ ಜಿಲ್ಲೆಯವರು ಬಾಡಿನ ಮೇಲಷ್ಟೇ ತಪ್ಪು ಹೊರಿಸುವಂತಿಲ್ಲ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಯಕೃತ್ತು ಅದನ್ನು ಸಂಸ್ಕರಿಸುವ ಅವಸರದಲ್ಲಿ ಎಟಿಪಿಯನ್ನು ಸುರಿದು ಖರ್ಚು ಮಾಡುತ್ತದೆ, ಉಳಿಕೆ ಯೂರಿಕ್ ಆಮ್ಲವಾಗುತ್ತದೆ. ದೊಡ್ಡಪ್ಪನಿಗೆ ಕೊಟ್ಟ ಕಾಲ್ಚಿಸಿನ್ ಮಾತ್ರೆ ಹರಳನ್ನು ಕರಗಿಸುವುದಿಲ್ಲ. ಓಡಿಬರುವ ನ್ಯೂಟ್ರೊಫಿಲ್‌ಗಳ ಕಾಲು ಕಟ್ಟುತ್ತದೆ. ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕಾಲ್ಚಿಸಿನ್. ಮದ್ದಿಗೂ ವಿಷಕ್ಕೂ ಅಂತರ ಕೂದಲೆಳೆಯಷ್ಟಿರುವ ವಸ್ತು, ಗಡ್ಡೆ ಅರೆದು ಕುಡಿದು ಪ್ರಾಣ ಬಿಟ್ಟವರಿದ್ದಾರೆ.

ಕೋಶ ಸಾಯಲೇಬೇಕೆಂದೂ ಇಲ್ಲ. ಬಿಸಿ, ಆಮ್ಲಜನಕದ ಕೊರತೆ, ಮಿತಿಮೀರಿ ತುಂಬಿಕೊಂಡ ಕೊಬ್ಬು, ಇಂಥ ಒತ್ತಡಕ್ಕೆ ಸಿಕ್ಕ ಜೀವಂತ ಕೋಶಗಳೂ ಎಟಿಪಿಯನ್ನೋ ಎಚ್‌ಎಂಜಿಬಿ-1ನ್ನೋ ಹೊರಗೆ ಬಿಡುತ್ತವೆ. ಗೋಡೆ ಬೀಳುವ ಮುಂಚೆಯೇ ಕಿಟಕಿಯಿಂದ ಸಾಮಾನು ಹೊರಗೆಸೆಯುವ ಮನೆಯವರಂತೆ. ಸುಟ್ಟ ಗಾಯದಂತೆ ಇದು ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ. ಸ್ಥೂಲಕಾಯದವರ ಕೊಬ್ಬಿನ ಅಂಗಾಂಶದಲ್ಲಿ, ಅಪಧಮನಿಯ ಗೋಡೆಯಲ್ಲಿ ಕೂತ ಕೊಲೆಸ್ಟರಾಲ್ ಹರಳುಗಳ ಸುತ್ತ, ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಉರಿಯೂತ ಇದ್ದೇ ಇರುತ್ತದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಒಮ್ಮೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಪೈಕಿ ಒಂದಷ್ಟು ಮಂದಿಗೆ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಔಷಧ ಕೊಟ್ಟರು. ಕೊಲೆಸ್ಟರಾಲ್ ಇಳಿಯದಿದ್ದರೂ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ 15ರಷ್ಟು ತಗ್ಗಿದವು. ಜೊತೆಗೇ ಸೋಂಕಿನಿಂದ ಸತ್ತವರ ಸಂಖ್ಯೆ ಏರಿತು. ತಮಟೆ ಕಿತ್ತುಕೊಂಡರೆ ನಿಜವಾದ ಕಳ್ಳ ಬಂದಾಗಲೂ ಊರು ಏಳುವುದಿಲ್ಲವಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳಲ್ಲಿ ಅಪಘಾತವಾಗಿ, ತೊಡೆಯ ಮೂಳೆ, ಸ್ನಾಯು ನಜ್ಜುಗುಜ್ಜಾಗಿ ಬರುವ ಗಾಯಾಳುಗಳಲ್ಲಿ ವೈದ್ಯರು ಕಾಣುವ ಇನ್ನೊಂದು ರೂಪವಿದೆ. ಜ್ವರ, ಏರಿದ ನಾಡಿ, ಕುಸಿಯುವ ರಕ್ತದೊತ್ತಡ, ಥೇಟ್ ರಕ್ತಕ್ಕೆ ಸೋಂಕು ತಗಲಿದಂತೆ. ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಸಿಗುವುದಿಲ್ಲ. ತೀವ್ರವಾಗಿ ಗಾಯಗೊಂಡವರ ರಕ್ತದಲ್ಲಿ ಅವರದೇ ಮೈಟೊಕಾಂಡ್ರಿಯದ ಡಿಎನ್‌ಎ ಸಾವಿರಾರು ಪಟ್ಟು ಹೆಚ್ಚಿರುತ್ತದೆ ಎಂದು 2010ರಲ್ಲಿ ಕಾರ್ಲ್ ಹಾಸರ್ ಅವರ ತಂಡ ವರದಿ ಮಾಡಿದ ಮೇಲೆ ಈ ಒಗಟು ಬಹುಮಟ್ಟಿಗೆ ಬಿಡಿಸಿಕೊಂಡಿತು. ಒಂದೆರಡು ಮನೆಯ ಗೋಡೆಯಲ್ಲ, ಇಡೀ ಕೇರಿಯೇ ಕುಸಿದು ಸಾಮಾನೆಲ್ಲ ಹೊಳೆಗೆ ಸೇರಿ ಊರೂರಿಗೆ ತೇಲಿಹೋದಂತೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದ್ದು ರಾಗಿ ಚೆಲ್ಲಿದ ಮನೆಯ ಉಪಮೆಯವರೆಗೆ ಮಾತ್ರ. ಅವರು ಕೇಳಿ, "ಹಾಗಾದರೆ ಊತ ಇಳಿಯುವ ಮಾತ್ರೆಯನ್ನಾದರೂ ಕೊಡಬಹುದಿತ್ತಲ್ಲ" ಎಂದರು. ನೋವಿಗೆ ಮಾತ್ರೆ ಕೊಟ್ಟಿದ್ದರು, ಅವರೇ ಜೇಬಿನಲ್ಲಿ ಮರೆತಿದ್ದರು. ಊದಿತೆಂದ ಕೂಡಲೇ ಆ್ಯಂಟಿಬಯಾಟಿಕ್ ಕೇಳುವ ನಮ್ಮ ಅಭ್ಯಾಸದ ಬಗ್ಗೆ ನನಗೆ ಸಿಟ್ಟಿದೆ. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಚೆಲ್ಲಿದ ರಾಗಿಯನ್ನಲ್ಲ. ಹಾಗೆಂದು ಸುಟ್ಟ ಗಾಯಕ್ಕೆ ಸೋಂಕು ತಗಲುವುದೇ ಇಲ್ಲ ಎಂದಲ್ಲ. ಕಾವಲಿಗಿದ್ದ ಚರ್ಮವೇ ಹೋಗಿರುವಾಗ ಎರಡು ಮೂರು ದಿನದ ಮೇಲೆ ಕೆಂಪು ಹರಡುತ್ತಾ ಹೋದರೆ, ಕೀವು ಕಟ್ಟಿದರೆ, ಜ್ವರ ಬಂದರೆ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ಅದಕ್ಕೇ ಅವರು 'ಸದ್ಯಕ್ಕೆ' ಬೇಡ ಎಂದದ್ದು.

ಆರನೆಯ ದಿನ ನೋಡಿದಾಗ ಕೆಂಪು ಉಂಗುರ ಮಾಸಿತ್ತು. ನ್ಯೂಟ್ರೊಫಿಲ್‌ಗಳು ಒಡಕು ಚೂರುಗಳನ್ನು ನುಂಗಿ ತಾವೂ ಗಂಟು ಕಟ್ಟಿಕೊಂಡು ಸಾಯುವ ಹೊತ್ತಿಗೆ ಮ್ಯಾಕ್ರೊಫೇಜ್‌ಗಳು ಬಂದಿರುತ್ತವೆ. ಆ ಗಂಟುಗಳನ್ನು ನುಂಗುತ್ತಾ ನುಂಗುತ್ತಾ ಅವುಗಳ ಬುದ್ಧಿಯೇ ಬದಲಾಗಿ, ತಮಟೆ ಬಾರಿಸುವುದನ್ನು ಬಿಟ್ಟು ಹೊಸ ರಕ್ತನಾಳ, ಹೊಸ ಚರ್ಮ ಬೆಳೆಸುವ ರಾಸಾಯನಿಕಗಳನ್ನು ಸುರಿಸತೊಡಗುತ್ತವೆ. ಬೊಬ್ಬೆ ಒಣಗಿ, ಅದರ ಅಂಚಿನಲ್ಲಿ ಎಳೆ ಬಿದಿರಿನ ಒಳಪೊರೆಯಂಥ ತೆಳು ಗುಲಾಬಿ ಚರ್ಮ ಇಣುಕಿತ್ತು. ಚಿಕ್ಕಪ್ಪ ಅದನ್ನು ಕೆರೆಯಲು ಬೆರಳೆತ್ತಿದರು. ಚಿಕ್ಕಮ್ಮ ಅಡುಗೆಮನೆಯಿಂದಲೇ ಗದರಿದರು.